ಬಣ್ಣ ಒಣಗಿತ್ತು, ನೆಲ ಒಣಗಿರಲಿಲ್ಲ

ಕಟ್ಟಿದ ಮನೆಗಳನ್ನು ಮಾಲೀಕರಿಗೆ ಒಪ್ಪಿಸುವ ಲೆಕ್ಕ ಇಡುವ ನಮ್ಮ ಹ್ಯಾಂಡೋವರ್ ಟ್ರ್ಯಾಕರ್‌ನಲ್ಲಿ ಪ್ರತಿ ಮನೆಗೂ ಒಂದು ಸಾಲು ಇರುತ್ತದೆ. ಸಿವಿಲ್, ಎಂಇಪಿ (ಕರೆಂಟು, ಪ್ಲಂಬಿಂಗ್‌ನಂಥ ಕೆಲಸ), ಪೇಂಟ್, ಜಾಯಿನರಿ (ಮರದ ಕೆಲಸ), ಡೀಪ್ ಕ್ಲೀನ್. ಎಲ್ಲ ಹಸಿರಾದರೆ ಕೊನೆಯ ಕಾಲಮ್ ತಾನಾಗಿಯೇ ‘ರೆಡಿ’ ಆಗುತ್ತದೆ. ಆ ಹಸಿರು ನೋಡಿ ಗ್ರಾಹಕರ ಜೊತೆ ಮಾತಾಡುವ ಸಿಆರ್‌ಎಂ ವಿಭಾಗದವರು ಮಾಲೀಕರಿಗೆ ಫೋನ್ ಮಾಡುತ್ತಾರೆ. ಮಾಲೀಕರು ಬಾಡಿಗೆ ಮನೆಗೆ ನೋಟಿಸ್ ಕೊಡುತ್ತಾರೆ, ಸಾಮಾನು ಸಾಗಿಸುವವರಿಗೆ ಮುಂಗಡ ಕೊಡುತ್ತಾರೆ, ಆಫೀಸಿಗೆ ರಜೆ ಹಾಕುತ್ತಾರೆ. ಅಲ್ಲಿಂದ ಮುಂದೆ ಆ ತಾರೀಖನ್ನು ಅಲುಗಾಡಿಸುವುದು ಯಾರ ಕೈಯಲ್ಲೂ ಆಗುವುದಿಲ್ಲ.

ನಾನು ಕ್ಯೂಸಿಯಲ್ಲಿದ್ದೇನೆ, ಅಂದರೆ ಗುಣಮಟ್ಟ ನೋಡುವ ಕೆಲಸ. ಆ ಟ್ರ್ಯಾಕರ್ ಕೇಳದೇ ಬಿಟ್ಟ ಒಂದೇ ಒಂದು ವಿಷಯದಿಂದ ಒಂದು ಕುಟುಂಬ ಎಷ್ಟು ಪಾಡು ಪಟ್ಟಿತು ಅನ್ನುವುದು ಇನ್ನೂ ನನ್ನನ್ನು ಕಾಡುತ್ತದೆ. ಹೊಸ ಮನೆಗೆ ಯಾವಾಗ ಹೋಗೋಣ ಅಂತ ಲೆಕ್ಕ ಹಾಕುತ್ತಿರುವವರು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ಮೂರು ತಿಂಗಳ ಲೆಕ್ಕದ ಕ್ವಾರ್ಟರ್‌ನ ಕೊನೆಯ ವಾರ. ಮೇಲಿನ ಮಹಡಿಯ ಒಂದು ಮನೆ. ಸ್ನ್ಯಾಗ್ (ಸಣ್ಣಪುಟ್ಟ ಬಾಕಿ ದೋಷ) ಎಲ್ಲ ಕ್ಲೋಸ್ ಆಗಿದ್ದವು, ಕೀ ಕೊಡುವ ದಿನ ಬೆಳಿಗ್ಗೆ ಕೊನೆಯ ವಾಕ್‌ಥ್ರೂ ಮಾಡುತ್ತಿದ್ದೆವು. ಮಲಗುವ ಕೋಣೆಗೆ ಅಂಟು ಹಾಕಿ ಕೂರಿಸಿದ ಎಂಜಿನಿಯರ್ಡ್ ವುಡ್ ನೆಲ. ಶೂ ಕಳಚಿ ಒಳಗೆ ಹೋದ ತಕ್ಷಣ ಕಾಲಿಗೆ ಗೊತ್ತಾಯಿತು. ಪ್ರತಿ ಹಲಗೆಯ ಅಂಚೂ ಸ್ವಲ್ಪ ಮೇಲೆದ್ದಿತ್ತು, ನಡುವೆ ತಗ್ಗು. ಟಾರ್ಚ್ ಅಡ್ಡ ಹಿಡಿದರೆ ಇಡೀ ಕೋಣೆಯಲ್ಲಿ ಗೆರೆ ಗೆರೆಯಾಗಿ ನೆರಳು.

ಸೋರಿಕೆ ಅಂತ ಎಲ್ಲರೂ ಒಟ್ಟಿಗೇ ಹೇಳಿದರು. ನನಗೂ ಅದೇ ಅನ್ನಿಸಿತು. ಬಾತ್‌ರೂಮಿನ ಸಿಪಿವಿಸಿ (ಪ್ಲಾಸ್ಟಿಕ್) ನೀರಿನ ಲೈನ್ ಅದೇ ಕೋಣೆಯ ನೆಲದೊಳಗೆ ಹಾದು ಹೋಗುತ್ತದೆ. ಹಿಂದಿನ ವಾರವಷ್ಟೇ ಅದೇ ಲೈನಿನ ಒಂದು ಎಲ್ಬೋ (ಪೈಪ್ ತಿರುಗುವ ಕಡೆಯ ಜೋಡಣೆ) ಬದಲಿಸಿದ್ದರು. ಇನ್ನೇನು ಯೋಚಿಸುವುದು?

ಅಷ್ಟರಲ್ಲಿ ಮಾಲೀಕರು ಬಂದರು. ಜೊತೆಗೆ ಹೆಂಡತಿ, ಪುಟ್ಟ ಮಗ. ಕೆಳಗೆ ಸಾಮಾನಿನ ಲಾರಿ ಬಂದು ನಿಂತಿತ್ತು. ಸೈಟ್ ಹೆಡ್ ಅವರನ್ನು ಹಾಲ್‌ನಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದರು. ನಾವು ಒಳಗೆ ಲೈನ್ ಐಸೊಲೇಟ್ ಮಾಡಿ, ಹ್ಯಾಂಡ್ ಪಂಪ್ ಹಚ್ಚಿ, ಕೆಲಸದ ಒತ್ತಡದ ಒಂದೂವರೆ ಪಟ್ಟಿಗೆ ಏರಿಸಿ ಗೇಜ್ ನೋಡುತ್ತಾ ಕೂತೆವು. ಫೋರ್‌ಮನ್ ಆಗಲೇ ನೆಲ ಒಡೆಯುವ ಬ್ರೇಕರ್ ಯಂತ್ರ ತರಿಸಿ ಬಾತ್‌ರೂಮ್ ಬಾಗಿಲಲ್ಲಿ ಇಟ್ಟಿದ್ದ.

ಗೇಜಿನ ಮುಳ್ಳು ಇಳಿಯತೊಡಗಿತು. ನಿಧಾನವಾಗಿ, ಆದರೆ ಕಣ್ಣಿಗೆ ಕಾಣುವ ಹಾಗೆ. ‘ಲೀಕ್ ಇದೆ, ಒಡೆಯಿರಿ’ ಅಂದುಬಿಟ್ಟೆ. ಟೈಲ್ ಮೇಲೆ ಉಳಿ ಇಡುವಷ್ಟರಲ್ಲಿ ನಮ್ಮ ಹಿರಿಯ ಪ್ಲಂಬರ್ ಕೈ ಅಡ್ಡ ಹಿಡಿದರು. ‘ಗಾಳಿ ಬಿಟ್ಟಿದ್ದೀರಾ? ಪೈಪ್ ಹಿಗ್ಗೋಕೆ ಟೈಮ್ ಕೊಟ್ಟಿದ್ದೀರಾ?’ ಅವರು ಕೇಳಿದ್ದು ಸರಿಯಾಗಿತ್ತು. ಪ್ಲಾಸ್ಟಿಕ್ ಪೈಪ್ ಒತ್ತಡಕ್ಕೆ ಸ್ವಲ್ಪ ಹಿಗ್ಗುತ್ತದೆ, ಒಳಗೆ ಗಾಳಿ ಉಳಿದಿದ್ದರೂ ಮೊದಲ ಕೆಲವು ನಿಮಿಷ ಮುಳ್ಳು ಇಳಿಯುತ್ತದೆ. ಎತ್ತರದ ನಲ್ಲಿಯಿಂದ ಗಾಳಿ ಬಿಟ್ಟು ಮತ್ತೆ ಪಂಪ್ ಮಾಡಿದೆವು. ಸ್ವಲ್ಪ ಇಳಿಯಿತು. ಇನ್ನೊಮ್ಮೆ ತುಂಬಿಸಿದೆವು. ಹೊರಗಿನಿಂದ ಮಗುವಿನ ಮಾತು ಕೇಳಿಸುತ್ತಿತ್ತು, ತನ್ನ ಕೋಣೆ ಯಾವುದು ಅಂತ ಕೇಳುತ್ತಿದ್ದ. ಒಳಗೆ ಯಾರೂ ಮಾತಾಡಲಿಲ್ಲ. ಈ ಸಲ ಮುಳ್ಳು ನಿಂತಿತು. ಕಾದೆವು. ಅಲ್ಲೇ ಇತ್ತು.

ಫೋರ್‌ಮನ್ ಮುಖದಲ್ಲಿ ನೆಮ್ಮದಿ. ನನ್ನ ಹೊಟ್ಟೆಯಲ್ಲಿ ಮಾತ್ರ ಭಯ ಶುರುವಾಯಿತು. ಸೋರಿಕೆ ಆಗಿದ್ದರೆ ಒಂದು ಜಾಯಿಂಟ್ ಬದಲಿಸಿ ಮುಗಿಸಬಹುದಿತ್ತು. ಪೈಪ್ ಸರಿ ಇದೆ ಅಂದರೆ ನೀರು ನೆಲದೊಳಗೇ ಇದೆ ಅಂತ ಅರ್ಥ. ಅದಕ್ಕೆ ರಿಪೇರಿ ಇಲ್ಲ. ಕಾಯಬೇಕು ಅಷ್ಟೇ.

ಒಂದು ಹಲಗೆ ಎಬ್ಬಿಸಿದೆವು. ಕೆಳಗಿನ ಮೈ ಮುಟ್ಟಿದರೆ ತಣ್ಣಗೆ. ಅಂಟು ಕೆಲವು ಕಡೆ ಇನ್ನೂ ಮೆತ್ತಗಿತ್ತು. ಮರದ ಕೆಳಗಿನ ಮೈ ನೀರು ಕುಡಿದು ಹಿಗ್ಗುತ್ತದೆ, ಮೇಲಿನ ಮೈ ಒಣಗಿಯೇ ಇರುತ್ತದೆ. ಹಾಗಾಗಿ ಅಂಚು ಮೇಲಕ್ಕೆ ಬಾಗುತ್ತದೆ. ಪುಸ್ತಕದಲ್ಲಿ ಓದಿದ ಕಪ್ಪಿಂಗ್ ಕಣ್ಣ ಮುಂದೆ ಇತ್ತು.

ಕಾಂಕ್ರೀಟ್, ಗಾರೆ ಸುರಿದ ತಾರೀಖು ಬರೆದಿಡುವ ಪೋರ್ ರಿಜಿಸ್ಟರ್ ತೆಗೆದು ನೋಡಿದೆ. ಪೈಪ್ ಮುಚ್ಚಬೇಕಾದ್ದರಿಂದ ಆ ಕೋಣೆಯ ಸ್ಕ್ರೀಡ್, ಅಂದರೆ ನೆಲ ಸಮ ಮಾಡಲು ಹಾಕುವ ಸಿಮೆಂಟ್ ಪದರ, 75 ಮಿ.ಮೀ. ದಪ್ಪ. ಸಿಮೆಂಟ್ ಸ್ಕ್ರೀಡ್ ಒಣಗುವುದಕ್ಕೆ ಸೈಟಿನಲ್ಲಿ ಹೇಳುವ ಲೆಕ್ಕ ಎಲ್ಲರಿಗೂ ಗೊತ್ತು: ಮೊದಲ 50 ಮಿ.ಮೀ. ತನಕ ಪ್ರತಿ ಮಿ.ಮೀ.ಗೆ ಒಂದು ದಿನ, ಅದರ ಮೇಲೆ ಪ್ರತಿ ಮಿ.ಮೀ.ಗೆ ಎರಡು ದಿನ. ಅಂದರೆ 75 ಮಿ.ಮೀ.ಗೆ ಸುಮಾರು 100 ದಿನ. ಅದೂ ಗಾಳಿ ಚೆನ್ನಾಗಿ ಆಡುತ್ತಿದ್ದರೆ, ಕ್ಯೂರಿಂಗ್ (ನೀರು ಹಾಕಿ ಒದ್ದೆಯಾಗಿಡುವುದು) ನಿಲ್ಲಿಸಿದ ಮೇಲಿನ ಲೆಕ್ಕ. ನಮ್ಮಲ್ಲಿ 28 ದಿನ ದಾಟಿದ ಕೂಡಲೇ ವುಡ್ ಫ್ಲೋರಿಂಗ್‌ನವರಿಗೆ ಕೋಣೆ ಬಿಟ್ಟುಕೊಟ್ಟಿದ್ದರು. ನಡುವೆ ಮಳೆಯ ದಿನಗಳು ಬೇರೆ. ಧೂಳು ಬರುತ್ತದೆ ಅಂತ ಕಿಟಕಿಗಳನ್ನೂ ಮುಚ್ಚಿಟ್ಟಿದ್ದರು.

ಈ 28 ಅನ್ನುವ ಅಂಕಿ ಜನರ ತಲೆಯಲ್ಲಿ ಹೇಗೆ ಕೂತಿದೆ ಅಂದರೆ, ಎಲ್ಲ ಪ್ರಶ್ನೆಗೂ ಅದೇ ಉತ್ತರ. 28 ದಿನ ಕಾಂಕ್ರೀಟಿನ ಬಲ ಅಳೆಯುವ ದಿನ. ಮಾದರಿಗೆ ಮಾಡಿಟ್ಟ ಕಾಂಕ್ರೀಟ್ ಕ್ಯೂಬ್ ಒಡೆದು ನೋಡುವ ದಿನ. ಒಣಗಿದೆ ಅಂತ ಅದು ಹೇಳುವುದಿಲ್ಲ. ಕ್ಯೂರಿಂಗ್ ಅಂದರೆ ಒದ್ದೆಯಾಗಿಡುವುದು, ಒಣಗುವುದು ಶುರುವಾಗುವುದೇ ಅದು ಮುಗಿದ ಮೇಲೆ. 50 ಕೆ.ಜಿ. ಚೀಲ ಸಿಮೆಂಟಿಗೆ 0.5 ಅನುಪಾತದಲ್ಲಿ 25 ಲೀಟರ್ ನೀರು ಹಾಕುತ್ತೇವೆ. ಸಿಮೆಂಟಿನ ಜೊತೆ ರಾಸಾಯನಿಕವಾಗಿ ಕೂಡಿಕೊಳ್ಳುವುದು ಅದರಲ್ಲಿ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಒಳಗಿನ ಸಣ್ಣ ರಂಧ್ರಗಳಲ್ಲಿ ಕೂತಿರುತ್ತದೆ, ಬಹುಪಾಲು ನಿಧಾನವಾಗಿ ಆವಿಯಾಗಿ ಹೊರಗೆ ಹೋಗಬೇಕು. ನಾವು ಅದರ ಮೇಲೆ ಅಂಟು ಬಳಿದು, ಮರ ಹಾಸಿ, ವಾರ್ನಿಷ್ ಹೊಡೆದರೆ ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಹಾಗೆ.

ಹಾಗಾದರೆ ಫ್ಲೋರಿಂಗ್‌ನವರ ಚೆಕ್‌ಲಿಸ್ಟಿನಲ್ಲಿ ‘ಡ್ರೈ’ ಅಂತ ಟಿಕ್ ಹೇಗೆ ಬಿತ್ತು? ಪಿನ್ ಮೀಟರ್. ಎರಡು ಮುಳ್ಳು ಮೇಲ್ಮೈಗೆ ಒತ್ತಿ ಓದುವ ಸಾಧನ. ಅದು ಮೂಲತಃ ಮರಕ್ಕೆ ಮಾಡಿದ್ದು. ಸಿಮೆಂಟಿನ ಮೇಲೆ ಅದರ ಅಂಕಿ ಹೋಲಿಕೆಗೆ ಮಾತ್ರ ಸರಿ. ಸ್ಕ್ರೀಡ್ ಮೇಲಿನಿಂದ ಒಣಗುತ್ತದೆ, ತಳದಲ್ಲಿ ಹಸಿ ಹಾಗೇ ಇರುತ್ತದೆ. ಮೇಲೆ ಮುಚ್ಚಿದ ಮೇಲೆ ತಳದ ತೇವ ಮೇಲೇರಿ ಎಲ್ಲ ಕಡೆ ಸಮನಾಗಿ ಹರಡಿಕೊಳ್ಳುತ್ತದೆ. ಅದಕ್ಕೇ ಎಎಸ್‌ಟಿಎಂ ಎಫ್2170 ಅನ್ನುವ ಪರೀಕ್ಷಾ ವಿಧಾನದಲ್ಲಿ ತೂತು ಕೊರೆದು, ಒಂದೇ ಬದಿಯಿಂದ ಒಣಗುವ ನೆಲಕ್ಕೆ ದಪ್ಪದ 40% ಆಳದಲ್ಲಿ ಪ್ರೋಬ್ ಇಟ್ಟು ಆರ್‌ಎಚ್ (ಒಳಗಿನ ಸಾಪೇಕ್ಷ ತೇವಾಂಶ) ಓದುತ್ತಾರೆ. ಮರ, ವಿನೈಲ್ ಹಾಸುವುದಕ್ಕೆ ಬ್ರಿಟಿಷ್ ಮಾನದಂಡದಲ್ಲಿ 75% ಮಿತಿ. ನಮ್ಮ ಸ್ಟೋರ್‌ನಲ್ಲಿ ಪ್ರೋಬ್ ಇತ್ತು. ಬ್ಯಾಟರಿ ಇರಲಿಲ್ಲ. ಬ್ಯಾಟರಿಗೆ ಹಾಕಿದ್ದ ಇಂಡೆಂಟ್ (ಬೇಡಿಕೆ ಚೀಟಿ) ಅಪ್ರೂವಲ್‌ಗೆ ಕೂತಿತ್ತು. ಮರುದಿನ ಬೇರೆ ಸೈಟಿನಿಂದ ತರಿಸಿ ಓದಿದಾಗ 90 ದಾಟಿತ್ತು.

ಆ ಬೆಳಿಗ್ಗೆ ಮೇಲಿನವರ ಜೊತೆ ನಡೆದ ಕಾಲ್ ನೆನಪಾದರೆ ಈಗಲೂ ಸಿಟ್ಟು ಬರುತ್ತದೆ. ‘ಸರ್ಫೇಸ್ ರೀಡಿಂಗ್ ಓಕೆ ಇತ್ತು ಅಲ್ವಾ? ಹೊಸ ಹಲಗೆ ಹಾಕಿ ಇವತ್ತೇ ಕೀ ಕೊಡಿ. ತೊಂದರೆ ಆದರೆ ಡಿಎಲ್‌ಪಿಯಲ್ಲಿ ನೋಡೋಣ.’ ಡಿಎಲ್‌ಪಿ ಅಂದರೆ ಕೀ ಕೊಟ್ಟ ಮೇಲೆ ದೋಷ ಕಂಡರೆ ಬಿಲ್ಡರ್ ಸರಿಮಾಡಿಕೊಡಬೇಕಾದ ಅವಧಿ. ಅದರಲ್ಲಿ ನೋಡೋಣ ಅಂದರೆ ಏನು? ಆ ಮನೆಯಲ್ಲಿ ಮಂಚ, ಬೀರು, ಮಗು, ಸಂಸಾರ ಎಲ್ಲ ಕೂತ ಮೇಲೆ ನೆಲ ಕೀಳುವುದು. ಖಾಲಿ ಮನೆಯಲ್ಲಿ ಸುಲಭಕ್ಕೆ ಆಗುವ ಕೆಲಸ, ಜನ ಇರುವ ಮನೆಯಲ್ಲಿ ಅವರ ಬದುಕನ್ನೇ ಕದಡುತ್ತದೆ.

ನಾನು ಹಾಲ್‌ಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪೈಪ್ ಸೋರಿಲ್ಲ, ನೆಲ ಒಣಗಿಲ್ಲ, ಇವತ್ತು ಬಂದರೆ ಇನ್ನೊಮ್ಮೆ ಎದ್ದು ಹೋಗಬೇಕಾಗುತ್ತದೆ. ಮಾಲೀಕರು ಕೂಗಾಡಲಿಲ್ಲ. ‘ಇದು ನಿಮಗೆ ಮೊದಲೇ ಗೊತ್ತಾಗಬೇಕಿತ್ತು ಅಲ್ವಾ?’ ಅಂದರು. ಹೌದು, ಗೊತ್ತಾಗಬೇಕಿತ್ತು. ತಾರೀಖು ರಿಜಿಸ್ಟರ್‌ನಲ್ಲೇ ಇತ್ತು. ಟ್ರ್ಯಾಕರ್ ಅದನ್ನು ಕೇಳಿರಲಿಲ್ಲ, ನಾವ್ಯಾರೂ ತೆಗೆದು ನೋಡಿರಲಿಲ್ಲ.

ಅವರ ಹೆಂಡತಿ ಕೇಳಿದ್ದು ಇನ್ನೊಂದು ಪ್ರಶ್ನೆ. ಮಗನಿಗೆ ಉಬ್ಬಸ ಇದೆ, ಅಡುಗೆಮನೆ ಕಪಾಟು ತೆಗೆದರೆ ಕಣ್ಣು ಉರಿಯುತ್ತದೆ, ಇದು ಎಷ್ಟು ದಿನ? ಪ್ಲೈವುಡ್, ಪಾರ್ಟಿಕಲ್ ಬೋರ್ಡಿನ ಅಂಟಿನಿಂದ ಬರುವ ಫಾರ್ಮಾಲ್ಡಿಹೈಡ್ ಅದು. ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಐಎಆರ್‌ಸಿ (ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ) ಸೇರಿಸಿದ್ದು 2004ರಲ್ಲಿ. ಮನೆಯೊಳಗಿನ ಗಾಳಿಯಲ್ಲಿ ಅದು ಘನ ಮೀಟರಿಗೆ 0.1 ಮಿ.ಗ್ರಾಂ. ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, 30 ನಿಮಿಷದ ಸರಾಸರಿಯಲ್ಲಿ. ಶಾಖ ಮತ್ತು ತೇವ ಜಾಸ್ತಿಯಾದಷ್ಟೂ ಬೋರ್ಡು ಅದನ್ನು ಜಾಸ್ತಿ ಬಿಡುತ್ತದೆ. ಅಂದರೆ ಒಣಗದ ಮನೆಯಲ್ಲಿ ಕಿಟಕಿ ಮುಚ್ಚಿ ಮಲಗಿದರೆ ಎರಡೂ ತೊಂದರೆ ಒಟ್ಟಿಗೆ. ಬಾಗಿಲು, ಡ್ರಾಯರ್ ಎಲ್ಲ ತೆರೆದು, ಎದುರುಬದುರು ಕಿಟಕಿ ತೆಗೆದು ಗಾಳಿ ಆಡಿಸಿ, ಮಗುವಿನ ವೈದ್ಯರನ್ನು ಕೇಳದೆ ಕರೆತರಬೇಡಿ ಅಂದೆ. ಅವರು ಲಾರಿ ತಿರುಗಿಸಿ ಸಂಬಂಧಿಕರ ಮನೆಗೆ ಹೋದರು. ಅರ್ಧ ಸಾಮಾನು ಗೋದಾಮಿಗೆ. ಆ ಬಾಡಿಗೆಯನ್ನು ಕಂಪನಿ ಕೊಡಲಿ ಅಂತ ಎಷ್ಟು ಬರೆದರೂ ಮೇಲಿನವರು ಒಪ್ಪಲಿಲ್ಲ. ಅದು ತಪ್ಪು ಅಂತ ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ನೆಲ ಪೂರ್ತಿ ಕಿತ್ತು, ಕಿಟಕಿ ತೆಗೆದು, ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಇಟ್ಟು, ಪ್ರೋಬ್ 75ರ ಕೆಳಗೆ ಬಂದ ಮೇಲೆಯೇ ಮತ್ತೆ ಹಲಗೆ ಹಾಕಿದ್ದು. ಅವರು ಬಂದು ಸೇರಿದ್ದು ಅದಾದ ಮೇಲೆ. ಟ್ರ್ಯಾಕರ್‌ಗೆ ‘ಕೊನೆಯ ಹಸಿ ಕೆಲಸದ ತಾರೀಖು’ ಅಂತ ಒಂದು ಕಾಲಮ್ ಸೇರಿಸಿದ್ದಾರೆ. ‘ರೆಡಿ’ ಫಾರ್ಮುಲಾಕ್ಕೆ ಅದನ್ನು ಇನ್ನೂ ಜೋಡಿಸಿಲ್ಲ.

ಆದ್ದರಿಂದ ಮನೆ ಕಟ್ಟಿಸುತ್ತಿರುವವರಿಗೆ ನಾನು ಹೇಳುವುದು: ‘ರೆಡಿ ಇದೆಯಾ?’ ಅಂತ ಸುಮ್ನೆ ಕೇಳಬೇಡಿ. ಯಾರೇ ಆದರೂ ಹೌದು ಅನ್ನುತ್ತಾರೆ. ಸ್ಕ್ರೀಡ್ ಹಾಕಿದ್ದು ಯಾವತ್ತು, ದಪ್ಪ ಎಷ್ಟು, ಗಾರೆ ಮುಗಿದಿದ್ದು ಯಾವತ್ತು ಅಂತ ಕೇಳಿ, ಬರೆಸಿಕೊಳ್ಳಿ. ಮನೆಯಲ್ಲಿ ಎಲ್ಲಕ್ಕಿಂತ ದಪ್ಪದ, ಎಲ್ಲಕ್ಕಿಂತ ತಡವಾಗಿ ಹಾಕಿದ ಹಸಿ ಪದರ ಯಾವುದೋ ಅದರಿಂದ ದಿನ ಎಣಿಸಿ. ಬಾಡಿಗೆ ಮನೆಗೆ ನೋಟಿಸ್ ಕೊಡುವುದು ಆಮೇಲೆ. ಮರದ ನೆಲ ಹಾಕಿಸುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು: ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಚ್ಚಿ ಕನಿಷ್ಠ 16 ಗಂಟೆ ಬಿಡಿ. ಒಳಗೆ ಹನಿ ಕೂತರೆ, ನೆಲ ಕಪ್ಪಾದರೆ, ಖಂಡಿತ ಹಾಕಿಸಬೇಡಿ. ಹನಿ ಕಾಣಲಿಲ್ಲ ಅಂದರೂ ಒಳಗೆ ಪೂರ್ತಿ ಒಣಗಿದೆ ಅಂತಲ್ಲ, ಪ್ರೋಬ್ ಓದಿಸಿ. ಬಾತ್‌ರೂಮಿನ ನೆಲದಲ್ಲಿ ನೀರು ಕಟ್ಟಿ ನಿಲ್ಲಿಸಿ ಸೋರುತ್ತದೆಯೇ ಅಂತ ನೋಡುವ ಪರೀಕ್ಷೆ, ಪೈಪಿನ ಒತ್ತಡದ ಪರೀಕ್ಷೆ ನಿಮ್ಮ ಕಣ್ಣ ಮುಂದೆ ಆಗಲಿ. ಆರ್‌ಸಿಸಿಬಿಯ (ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಟೆಸ್ಟ್ ಗುಂಡಿಯನ್ನು ನೀವೇ ಒತ್ತಿ ನೋಡಿ.

ಕಾಯುವುದಕ್ಕೆ ಆಗುವುದೇ ಇಲ್ಲ ಅನ್ನುವವರು ಇದ್ದಾರೆ, ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಹಾಗಿದ್ದರೆ ಒಣಗುವುದಕ್ಕೆ ದಾರಿ ಬಿಟ್ಟು ಹೋಗಿ. ಮರ, ವಿನೈಲ್, ವಾಲ್‌ಪೇಪರ್ ಆಮೇಲೆ ಹಾಕಿಸಿ. ಬೀರುಗಳನ್ನು ಹೊರಗೋಡೆಗೆ ಅಂಟಿಸಿ ಇಡದೆ ಹಿಂದೆ ಗಾಳಿ ಆಡುವಷ್ಟು ಜಾಗ ಬಿಡಿ, ಬೂಷ್ಟು ಮೊದಲು ಹಿಡಿಯುವುದು ಅಲ್ಲೇ. ಬಟ್ಟೆ ಒಳಗೆ ಒಣಹಾಕಬೇಡಿ. ಮೊದಲ ವರ್ಷ ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿದರೆ ಆ ವಾರವೇ ಪುಟ್ಟಿ ತುಂಬಿ ಬಣ್ಣ ಹೊಡೆಸಬೇಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಹಾಕಿ ಪಕ್ಕದಲ್ಲಿ ತಾರೀಖು ಬರೆಯಿರಿ, ಫೋಟೋ ತೆಗೆದಿಡಿ. ಗೆರೆ ದಾಟಿ ಬೆಳೆದರೆ, ಅಥವಾ ಅಗಲವಾಗುತ್ತಾ ಹೋದರೆ, ಬಾಯಲ್ಲಿ ಹೇಳಿ ಬಿಡದೆ ಬಿಲ್ಡರ್‌ಗೆ ಬರೆದು ಕಳಿಸಿ. ಫೋಟೋ, ತಾರೀಖು ಎರಡೂ ಇರುವ ದೂರನ್ನು ನಮ್ಮಂಥವರು ಒಳಗೆ ಹಿಡಿದು ವಾದಿಸುವುದು ಎಷ್ಟೋ ಸುಲಭ.