‘ಹೊಳಿಗೆ ಬಿಡಂಗಿಲ್ಲಂದ್ರ ಡಾಂಬರ ಯಾಕೋ ತಮ್ಮಾ?’

ಈ ವಾರ ಪೂರ್ತಿ ತಲೆಯಲ್ಲಿ ಇದೊಂದೇ ಪ್ರಶ್ನೆ. ಕೇಳಿದವರು ಗಳಗನಾಥದ ಕಡೆಯ ಒಬ್ಬ ಅಜ್ಜ. ಕೇಳಿದ್ದು ನಮ್ಮ ಮನೆಯ ಹಳೇ ಹರಗೋಲಿನ, ಅಂದರೆ ಬುಟ್ಟಿಯಂಥ ದುಂಡು ದೋಣಿಯ ಬಗ್ಗೆ.

ಅಕ್ಕನ ಗಂಡ, ನಾವು ಮಾಮಾ ಅನ್ನುತ್ತೇವೆ, ಹುಬ್ಬಳ್ಳಿಯಲ್ಲಿ ಹೊಸ ಮನೆ ಕಟ್ಟಿಸಿದ್ದಾರೆ. ಊರಿಗೆ ಬಂದಾಗ ದನದ ಕೊಟ್ಟಿಗೆಯಲ್ಲಿ ಮಕಾಡೆ ಬಿದ್ದಿದ್ದ ಹರಗೋಲು ಅವರ ಕಣ್ಣಿಗೆ ಬಿತ್ತು. ಪಡಸಾಲೆಯ ಗೋಡೆಗೆ ತೂಗುಹಾಕಿ ಒಳಗೊಂದು ಲೈಟ್ ಇಟ್ಟರೆ ಮಸ್ತ್ ಕಾಣ್ತದೆ ಅಂದರು. ಮನುಷ್ಯ ಒಳ್ಳೆಯವರು, ಕೈ ಬಿಟ್ಟು ಖರ್ಚು ಮಾಡ್ತಾರೆ. ಆದರೆ ಹಳೇ ಸಾಮಾನು ಕಂಡರೆ ಮೊಳೆ ಎಲ್ಲಿ ಹೊಡೆಯಲಿ ಅನ್ನೋದೇ ಅವರ ಮೊದಲ ಯೋಚನೆ. ಬೀಸುಕಲ್ಲು ಆಗಲೇ ಗೇಟಿನ ಹತ್ತಿರ ಹೂವಿನ ಕುಂಡ ಹೊತ್ತು ಕೂತಿದೆ.

ರಿಪೇರಿ ನನ್ನ ತಲೆಗೆ ಬಂತು. ಗಳಗನಾಥ ಅಂದರೆ ವರದಾ ಬಂದು ತುಂಗಭದ್ರೆಗೆ ಸೇರುವ ಜಾಗ. ಅಲ್ಲಿ ವಿಚಾರಿಸುತ್ತಾ ಹೋದಾಗ ಈ ಅಜ್ಜ ಸಿಕ್ಕರು. ‘ಡಾಂಬರು ದಪ್ಪಗೆ ಬಳೀರಿ ಅಜ್ಜಾ, ಕಪ್ಪಗೆ ಮಿಂಚಬೇಕಂತೆ’ ಅಂದೆ. ಆಗಲೇ ಅವರು ಆ ಮಾತು ಕೇಳಿದ್ದು.

ಚೇಷ್ಟೆ ಮಾಡಿದರಾ? ಹಾಗೆ ಅನ್ನಿಸಿತು. ಆಮೇಲೆ, ಇಲ್ಲ, ಪಾಪ ನನ್ನ ದುಡ್ಡು ಉಳಿಸೋಕೆ ನೋಡ್ತಿದ್ದಾರೆ ಅನ್ನಿಸಿತು. ಅವರ ಮುಖದಲ್ಲಂತೂ ಏನೂ ಗೊತ್ತಾಗಲಿಲ್ಲ. ಎಲೆ ಅಡಿಕೆ ಜಗಿಯುತ್ತಾ ಬಿದಿರಿನ ದಬ್ಬೆಗಳನ್ನು ಒಂದೊಂದಾಗಿ ಬೆರಳ ಗಿಣ್ಣಿನಿಂದ ತಟ್ಟುತ್ತಿದ್ದರು. ಗಟ್ಟಿ ದಬ್ಬೆ ಟಣ್ ಅನ್ನುತ್ತಿತ್ತು. ಹುಳ ತಿಂದದ್ದು ಸುಮ್ನೆ ಡಬ್ ಅಂದು, ತೂತಿನಿಂದ ಹಿಟ್ಟಿನಂಥ ಪುಡಿ ಉದುರಿಸುತ್ತಿತ್ತು. ಅಂಥವನ್ನೆಲ್ಲ ಕಿತ್ತು ಹಾಕಿದರು. ಹೊಸ ದಬ್ಬೆ ಸೀಳಿ, ನೀರಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಹಳೇ ಹೆಣಿಗೆಯೊಳಗೆ ತೂರಿಸಿದರು. ಹಿಂದೆಲ್ಲಾ ಹೊರಗಡೆ ತೊಗಲು ಹೊಲಿಯುತ್ತಿದ್ದರು. ಈಗ ಗೊಬ್ಬರದ ಚೀಲ, ಇಲ್ಲವೇ ತಾಡಪತ್ರಿ, ಅದರ ಮೇಲೆ ಕಾಯಿಸಿದ ಡಾಂಬರು.

ಅಮೆರಿಕದ ಮೈನ್ ರಾಜ್ಯದ ಕಡೆ ಹಳೇ ಕನೂ ದೋಣಿ ರಿಪೇರಿ ಮಾಡೋದನ್ನು ನಾನು ಮೊಬೈಲಿನಲ್ಲಿ ನೋಡಿದ್ದೆ. ಅಜ್ಜನಿಗೆ ಅದನ್ನೆಲ್ಲ ವಿವರಿಸಿದೆ. ಅವರದು ಉದ್ದನೆಯ ದೋಣಿ, ಸೀಡರ್ ಮರದ್ದು. ಪಕ್ಕೆಲುಬಿನ ಪಟ್ಟಿಗಳನ್ನು ಹಬೆಯಲ್ಲಿಟ್ಟು ಬಗ್ಗಿಸ್ತಾರೆ, ಹಲಗೆ ಕೂರಿಸಿ ಹಿತ್ತಾಳೆ ಮೊಳೆ ಹೊಡೀತಾರೆ. ಮೇಲೆ ದಪ್ಪ ಕ್ಯಾನ್ವಾಸ್ ಬಟ್ಟೆ ಬಿಗಿಯಾಗಿ ಎಳೆದು, ಎಳೆಗಳ ಸಂದು ಮುಚ್ಚುವಂತೆ ಲೇಪ ತಿಕ್ಕಿ, ಅದು ಒಣಗೋಕೆ ವಾರಗಟ್ಟಲೆ ಬಿಟ್ಟು, ಆಮೇಲೆ ಬಣ್ಣ. ಬಟ್ಟೆ ಹಳೇದಾದರೆ ಕಿತ್ತು ಹೊಸದು ಹಾಕ್ತಾರೆ, ಮರದ ಮೈ ಮುಂದುವರಿಯುತ್ತದೆ.

ಅಜ್ಜ ಎಲ್ಲಾ ಕೇಳಿಸಿಕೊಂಡು, ‘ಆಮ್ಯಾಲ ನೀರಿಗೆ ಬಿಡ್ತಾರನು?’ ಅಂದರು.

‘ಬಿಡ್ತಾರಜ್ಜಾ.’

‘ಹಂಗಾರ ಸರಿ ಬಿಡು.’

ಡಾಂಬರು ಆರಿದ ಮೇಲೆ ಹರಗೋಲನ್ನು ಬಿಸಿಲಲ್ಲಿ ಬೋರಲು ಹಾಕಿ ತಾವೇ ಅದರೊಳಗೆ ತೂರಿದರು. ನನ್ನನ್ನೂ ಕರೆದರು. ಒಳಗೆ ಕತ್ತಲು, ಸೆಕೆ, ಡಾಂಬರಿನ ಘಾಟು. ತಲೆ ಮೇಲೆ ಒಂದು ಕಡೆ ಸೂಜಿಮೊನೆಯಷ್ಟು ಬೆಳಕು. ‘ಅಲ್ಲೈತಿ ನೋಡು’ ಅಂದು ಅದರಲ್ಲಿ ಕಡ್ಡಿ ಚುಚ್ಚಿದರು. ಹೊರಗೆ ಬಂದು ಕಡ್ಡಿ ಕಂಡಲ್ಲಿ ಮತ್ತೆ ಡಾಂಬರು. ಗೋಡೆಗೆ ನೇತುಹಾಕೋ ಸಾಮಾನಿಗೆ ಇಷ್ಟು!

ಅಷ್ಟಕ್ಕೇ ಬಿಡಲಿಲ್ಲ. ‘ನೀರಿಗೆ ಹಾಕಿ ನೋಡದ ಕೊಡಂಗಿಲ್ಲ’ ಅಂತ ಹೊಳೆಗೆ ಹೊತ್ತೊಯ್ದರು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದೇ ಹೊಳೆಯ ಹರಗೋಲು ನೋಡಿ ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಮಂದಿ ಹಿಡಿಸ್ತಾರೆ, ನೆಟ್ಟಗೆ ಹೋಗದೆ ಸದಾ ತಿರುಗುತ್ತಿರುತ್ತದೆ ಅಂತ. ನನ್ನ ಕೈಗೆ ಹುಟ್ಟು ಕೊಟ್ಟಾಗ ನಮ್ಮದೂ ತಿರುಗಿದ್ದೇ ತಿರುಗಿದ್ದು. ಅಜ್ಜ ಹುಟ್ಟು ಹಿಡಿದ ಮೇಲೆ ಸುಮ್ನೆ ಹೇಳಿದ ಕಡೆ ಹೋಯಿತು. ತಳದಲ್ಲಿ ಒಂದು ಹನಿ ನೀರಿಲ್ಲ.

ಮಾಮಾನನ್ನು ಬೈಯ್ಯೋದು ಸುಲಭ. ಆದರೆ ಊರೂರಿಗೆ ಸೇತುವೆ ಆದ ಮೇಲೆ ಹರಗೋಲಿನಲ್ಲಿ ಹೊಳೆ ದಾಟೋರು ಯಾರು? ಮೀನು ಹಿಡಿಯೋರಲ್ಲೂ ಕೆಲವರು ಫೈಬರ್ ಹರಗೋಲಿಗೆ ಹೋಗಿದ್ದಾರೆ. ಅಜ್ಜನೇ ಹೇಳಿದರು, ಮೀನುಗಾರರಿಗಿಂತ ಇಂಥ ಷೋಕಿ ಗಿರಾಕಿಗಳೇ ಜಾಸ್ತಿ ದುಡ್ಡು ಕೊಡ್ತಾರೆ, ಚೌಕಾಸಿನೂ ಮಾಡಲ್ಲ. ಹಾಗಾದರೆ ಕಸುಬು ಉಳಿಸ್ತಿರೋದು ಮಾಮಾನಂಥವರೇ ಅಲ್ವಾ?

ಉಳಿಯೋದು ಎಂಥದ್ದು ಅನ್ನೋದೇ ನನ್ನ ತಕರಾರು. ಈ ಅಜ್ಜ ಬೆಳಕಿನ ಚುಕ್ಕೆ ಹುಡುಕಿದ್ದು ಹೊಳೆಯ ನಡುವೆ ಕೂತು ಬಲ್ಲವರು ಅಂತ. ಬರೀ ಗೋಡೆಗೆ ಅಂತಲೇ ಕಲಿಯುವ ಹುಡುಗ ಯಾಕೆ ಹುಡುಕುತ್ತಾನೆ? ತೂತಿದ್ದರೂ ಗಿರಾಕಿ ಬೈಯ್ಯಲ್ಲ, ಯಾರೂ ಮುಳುಗಲ್ಲ. ನೋಡೋಕೆ ದುಂಡಗಿದ್ದರೆ ಸಾಕು. ಹರಗೋಲಿನದಷ್ಟೇ ಪಾಡಲ್ಲ ಇದು. ಉಡುಗೊರೆಗೆ ಅಂತ ಮಾರುವ ಪುಟಾಣಿ ಎತ್ತಿನ ಗಾಡಿಗಳನ್ನು ನೋಡಿ, ಗಾಲಿ ಅಂಟಿಸಿಬಿಟ್ಟಿರುತ್ತಾರೆ, ತಿರುಗೋದೇ ಇಲ್ಲ.

ಟಾಟಾ ಏಸ್‌ನಲ್ಲಿ ಹೇರಿಕೊಂಡು ಹುಬ್ಬಳ್ಳಿಗೆ ಮುಟ್ಟಿಸಿ ಬಂದೆ. ನಿನ್ನೆ ಮಾಮಾ ಫೋನ್ ಮಾಡಿದ್ದರು. ಡಾಂಬರು ವಾಸನೆ ಹೋಗೋದೇ ಇಲ್ವಂತೆ, ಮೇಲೆ ಬಂಗಾರದ ಬಣ್ಣ ಹೊಡೆಸ್ತಾರಂತೆ. ನಾನು ಅಜ್ಜನ ಪ್ರಶ್ನೆಯನ್ನು ಅವರಿಗೇ ದಾಟಿಸಿದೆ. ‘ಹಂಗಾರ ಡಾಂಬರ ಯಾಕ ಹಚ್ಚಿಸಿದಿ?’ ಅಂತ ನನ್ನನ್ನೇ ಕೇಳಿದರು. ಹಿಂದಿನಿಂದ ಅಕ್ಕ, ‘ಬಣ್ಣಾ ಗಿಣ್ಣಾ ಏನ ಬ್ಯಾಡ, ಮಳಿಗಾಲ ಮುಗಿದ ಮ್ಯಾಲ ಊರಿಗೆ ಒಯ್ದು ಒಂದ ಸುತ್ತ ಹಾಕ್ಸು’ ಅಂದಳು. ಆ ಮಾತಿಗೆ ಮಾಮಾ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ.