ರಬ್ಬರ್‌ನಲ್ಲಿ ರ್ಯಾಮ್ ಉಜ್ಜುವವರಿಗೆ ಯಾವ ಪುಸ್ತಕ?

ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಮಹಡಿ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಡಿಸ್‌ಪ್ಲೇ ಬರುತ್ತಿಲ್ಲ ಅಂತ ಯಾರಾದರೂ ಕ್ಯಾಬಿನೆಟ್ ತಂದಿಟ್ಟರೆ ಸಾಕು, ನನ್ನ ಕೈ ತಾನಾಗಿ ರ್ಯಾಮ್ ಎಂಬ ಮೆಮೊರಿ ಪಟ್ಟಿಯ ಕಡೆಗೆ ಹೋಗುತ್ತದೆ. ಬಿಚ್ಚು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಲ್ಲಿ ಉಜ್ಜು, ಪುಡಿ ಕೊಡವು, ಮತ್ತೆ ಕೂರಿಸು. ಎಷ್ಟೋ ಸಲ ಅಷ್ಟಕ್ಕೇ ಡಿಸ್‌ಪ್ಲೇ ಬಂದುಬಿಡುತ್ತದೆ. ಗಿರಾಕಿ ನನ್ನನ್ನು ದೇವರ ಹಾಗೆ ನೋಡುತ್ತಾರೆ, ಬಿಲ್ ಕೇಳುವವರೆಗೆ.

2025ರ ಬೇಸಿಗೆಯಲ್ಲಿ ಒಂದು ಕಂಪನಿಯ ಸರ್ವಿಸ್ ಡೆಸ್ಕ್ ಇಂಟರ್‌ವ್ಯೂಗೆ ಹೋಗಿದ್ದೆ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಕೊನೆಗೆ ‘ಸರ್ಟಿಫಿಕೇಟ್ ಏನಾದರೂ ಇದೆಯಾ?’ ಎಂದರು. ಪಿಯುಸಿ ಮಾರ್ಕ್ಸ್ ಕಾರ್ಡ್ ಬಿಟ್ಟು ನನ್ನ ಹತ್ತಿರ ಏನೂ ಇರಲಿಲ್ಲ. ಈ ಕೆಲಸಕ್ಕೆ ಬರುವವರು ಮೊದಲು ಮಾಡುವುದು ಕಾಂಪ್‌ಟಿಯಾ ಎಂಬ ಸಂಸ್ಥೆಯ ‘ಎ ಪ್ಲಸ್’ ಸರ್ಟಿಫಿಕೇಟ್ ಎಂದು ಅವರೇ ಹೇಳಿ ಕಳಿಸಿದರು.

ಅಂಗಡಿಯಿಂದ ಅವೆನ್ಯೂ ರಸ್ತೆ ನಡೆದು ಹೋಗುವಷ್ಟು ಹತ್ತಿರ. ಮರುದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹೋಗಿ, ದಿಂಬಿನಷ್ಟು ದಪ್ಪದ ಒಂದು ಹಳೇ ಪುಸ್ತಕ ತಂದೆ. ಚೌಕಾಸಿ ಮಾಡಿ 350 ರೂಪಾಯಿ. ಗೆದ್ದೆ ಅಂದುಕೊಂಡೆ. ನಾಲ್ಕನೇ ಅಧ್ಯಾಯ ಓದುವಾಗ ಗೊತ್ತಾಯಿತು: ಹೊದಿಕೆಯ ಮೇಲೆ ಸಣ್ಣದಾಗಿ ಬರೆದಿದ್ದ 220-1101, 220-1102 ಎಂಬ ನಂಬರ್‌ಗಳೇ ಪರೀಕ್ಷೆಯ ಹೆಸರು. ಆ ಸೀರೀಸ್ ಸೆಪ್ಟೆಂಬರ್‌ನಲ್ಲಿ ಮುಚ್ಚುವುದಿತ್ತು. ಮಾರ್ಚ್‌ನಲ್ಲೇ 220-1201, 220-1202 ಬಂದಾಗಿತ್ತು. ಸಾಲದ್ದಕ್ಕೆ ಹಿಂದಿನ ಓದುಗ ಮಹಾಶಯ ಅಭ್ಯಾಸದ ಪ್ರಶ್ನೆಗಳಿಗೆಲ್ಲ ಪೆನ್ನಿನಲ್ಲಿ ಟಿಕ್ ಹಾಕಿದ್ದ. ಅರ್ಧ ತಪ್ಪು ಬೇರೆ.

ಮಾರಿದವರದ್ದೇನೂ ತಪ್ಪಿಲ್ಲ. ಮದರ್‌ಬೋರ್ಡಿನ ಮಾಡೆಲ್ ನಂಬರ್ ನೋಡದೆ ರ್ಯಾಮ್ ಕೊಳ್ಳುವ ಗಿರಾಕಿಯನ್ನು ನಾನೇ ದಿನಾ ಬೈಯುತ್ತೇನೆ, ಈಗ ನಾನೇ ಆ ಗಿರಾಕಿ.

ಗೊತ್ತಿಲ್ಲದವರಿಗೆ ಒಂದು ಮಾತು. ಎ ಪ್ಲಸ್ ಅಂದರೆ ಒಂದು ಪರೀಕ್ಷೆ ಅಲ್ಲ, ಎರಡು. ಕೋರ್ 1, ಕೋರ್ 2. ಎರಡೂ ಒಂದೇ ಸೀರೀಸ್‌ನಲ್ಲಿ ಪಾಸಾಗಬೇಕು, ಹಳೆಯದೊಂದು ಹೊಸದೊಂದು ನಡೆಯುವುದಿಲ್ಲ. ಒಂದೊಂದಕ್ಕೂ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. ಅಂಕ 900ಕ್ಕೆ. ಕೋರ್ 1ಕ್ಕೆ 675, ಕೋರ್ 2ಕ್ಕೆ 700 ಬಂದರೆ ಪಾಸು. ಕನ್ನಡದಲ್ಲಿ ಬರೆಯಲು ಆಗುವುದಿಲ್ಲ.

ಯಾವ ಯಾವ ವಿಷಯದಿಂದ ಪ್ರಶ್ನೆ ಬರುತ್ತದೆ ಎಂಬ ಪಟ್ಟಿಯನ್ನು ಕಾಂಪ್‌ಟಿಯಾದವರೇ ಪುಕ್ಕಟೆ ಪಿಡಿಎಫ್ ಕೊಡುತ್ತಾರೆ. ಅದನ್ನು ಪ್ರಿಂಟ್ ತೆಗೆದು, ಗೊತ್ತಿದ್ದದ್ದಕ್ಕೆ ಹಸಿರು, ಗೊತ್ತಿಲ್ಲದ್ದಕ್ಕೆ ಕೆಂಪು ಸ್ಕೆಚ್ ಪೆನ್ ಎಳೆದೆ. ಪುಸ್ತಕ ಕೊಳ್ಳುವ ಮೊದಲು ಮಾಡಬೇಕಿದ್ದ ಕೆಲಸ. ಕೋರ್ 1ರಲ್ಲಿ ಹಾರ್ಡ್‌ವೇರ್ 25 ಪರ್ಸೆಂಟ್, ರಿಪೇರಿಯ ಭಾಗ 28. ಇದೆಲ್ಲ ಹಸಿರು. ನೆಟ್‌ವರ್ಕಿಂಗ್ 23, ಅದು ಪೂರ್ತಿ ಕೆಂಪು. ಒಂಬತ್ತು ವರ್ಷ ಕೇಬಲ್ ಚುಚ್ಚಿದ್ದೇನೆ, ಆದರೂ ಕೆಂಪು.

ಎರಡನೇ ಸಲ ಹುಷಾರಾದೆ. ಗಾಂಧಿನಗರದ ದೊಡ್ಡ ಅಂಗಡಿಯೊಂದರಲ್ಲಿ ನಿಂತು, ಆಮೇಲೆ ಮನೆಯಲ್ಲಿ ಆನ್‌ಲೈನ್‌ನಲ್ಲಿ ಸಿಗುವ ಸ್ಯಾಂಪಲ್ ಪುಟ ತೆರೆದು, ಪ್ರತಿ ಪುಸ್ತಕಕ್ಕೂ ನಾನೇ ಎರಡು ಪರೀಕ್ಷೆ ಇಟ್ಟೆ.

ಮೊದಲನೆಯದು ನನಗೆ ಚೆನ್ನಾಗಿ ಗೊತ್ತಿರುವ ವಿಷಯ, ಲೇಸರ್ ಪ್ರಿಂಟರ್. ಅದು ಪುಟ ಹೊರಹಾಕುವ ಏಳು ಹಂತಗಳನ್ನು ಎಲ್ಲರೂ ಸಾಲಾಗಿ ಬರೆದಿರುತ್ತಾರೆ: ಪ್ರೊಸೆಸಿಂಗ್, ಚಾರ್ಜಿಂಗ್, ಎಕ್ಸ್‌ಪೋಸಿಂಗ್, ಡೆವಲಪಿಂಗ್, ಟ್ರಾನ್ಸ್‌ಫರಿಂಗ್, ಫ್ಯೂಸಿಂಗ್, ಕ್ಲೀನಿಂಗ್. ಬಾಯಿಪಾಠಕ್ಕೆ ಅಷ್ಟು ಸಾಕು. ಆದರೆ ಬೆರಳಲ್ಲಿ ಉಜ್ಜಿದರೆ ಅಕ್ಷರ ಅಳಿಸಿಹೋಗುತ್ತಿದೆ ಅಂದರೆ ಫ್ಯೂಸರ್ ಬಿಸಿಯಾಗುತ್ತಿಲ್ಲ, ಟೋನರ್ ಪುಡಿ ಕರಗದೆ ಸುಮ್ನೆ ಪೇಪರ್ ಮೇಲೆ ಕೂತಿದೆ. ಒಂದೇ ಅಂತರದಲ್ಲಿ ಮತ್ತೆ ಮತ್ತೆ ಅದೇ ಕಲೆ ಬಂದರೆ ಡ್ರಮ್ಮಿಗೋ ರೋಲರಿಗೋ ಗಾಯವಾಗಿದೆ, ಒಂದು ಸುತ್ತಿಗೆ ಒಂದು ಸಲ ಅದು ಬೀಳುತ್ತದೆ. ಇದನ್ನು ಹೇಳಿದ ಪುಸ್ತಕ ಬರೆದವರು ಪ್ರಿಂಟರ್ ಬಿಚ್ಚಿದ್ದಾರೆ ಅಂತ ಅರ್ಥ. ಒಂದು ಸಣ್ಣ ಪುಸ್ತಕ, ಬರೀ ಚುಕ್ಕಿ ಹಾಕಿದ ಸಾಲುಗಳೇ ತುಂಬಿದ್ದದ್ದು, ಇಲ್ಲೇ ಫೇಲಾಯಿತು.

ಎರಡನೆಯದು ನನಗೆ ಗೊತ್ತಿಲ್ಲದ್ದು. ನೆಟ್ ಬರದ ಸಿಸ್ಟಮ್‌ನಲ್ಲಿ 169.254 ಅಂತ ಶುರುವಾಗುವ ಐಪಿ ಅಡ್ರೆಸ್ ನೂರು ಸಲ ನೋಡಿದ್ದೇನೆ. ರೂಟರ್ ಆಫ್ ಮಾಡಿ ಆನ್ ಮಾಡುತ್ತಿದ್ದೆ, ಎಷ್ಟೋ ಸಲ ಸರಿಹೋಗುತ್ತಿತ್ತು, ಇಲ್ಲದಿದ್ದರೆ ಫಾರ್ಮ್ಯಾಟ್. ಯಾಕೆ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವೆನ್ಯೂ ರಸ್ತೆಯ ದಿಂಬಿನಲ್ಲಿ ಇದಕ್ಕೆ ಇದ್ದದ್ದು ಒಂದೇ ಸಾಲು. ಕೊನೆಗೆ ನಾನು ಕೊಂಡ ಪುಸ್ತಕ ಅರ್ಧ ಪುಟ ಬರೆದಿತ್ತು: ಕಂಪ್ಯೂಟರ್ ಅಡ್ರೆಸ್ ಕೊಡಿ ಅಂತ, ನೆಟ್‌ವರ್ಕ್‌ನಲ್ಲಿ ಅಡ್ರೆಸ್ ಹಂಚುವ ಡಿಎಚ್‌ಸಿಪಿಯನ್ನು ಕೂಗಿ ಕೇಳಿತು, ಯಾರೂ ಓಗೊಡಲಿಲ್ಲ, ಹಾಗಾಗಿ ತಾನೇ ಒಂದು ಅಡ್ರೆಸ್ ಇಟ್ಟುಕೊಂಡಿತು. ಅದಕ್ಕೇ ಮೊದಲು ಕೇಬಲ್ಲು, ಸ್ವಿಚ್ಚು, ರೂಟರ್ ನೋಡಬೇಕು, ವಿಂಡೋಸ್ ಫಾರ್ಮ್ಯಾಟ್ ಮಾಡಲು ಹೋಗಬಾರದು. ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಎಷ್ಟು ಜನರ ಸಿಸ್ಟಮ್ ಸುಮ್ಮಸುಮ್ಮನೆ ಫಾರ್ಮ್ಯಾಟ್ ಮಾಡಿದ್ದೇನೋ.

ಭಾಷೆಯ ತೊಂದರೆ ನಾನು ಹೆದರಿದಷ್ಟು ಇರಲಿಲ್ಲ. ಹೆಸರುಗಳದ್ದೇ ತಲೆನೋವು. ಕಂಪ್ಯೂಟರಿಗೆ ಕರೆಂಟ್ ಕೊಡುವ ಭಾಗಕ್ಕೆ ನಮ್ಮ ರೋಡಿನಲ್ಲಿ ಎಸ್‌ಎಂಪಿಎಸ್ ಅನ್ನುವುದು, ಪುಸ್ತಕದಲ್ಲಿ ಪಿಎಸ್‌ಯು. ನಮ್ಮ ಪೆನ್‌ಡ್ರೈವ್ ಅಲ್ಲಿ ಫ್ಲ್ಯಾಶ್ ಡ್ರೈವ್. ಗಿರಾಕಿಗಳು ಇಡೀ ಡಬ್ಬಿಗೆ ಸಿಪಿಯು ಅನ್ನುತ್ತಾರೆ, ಪುಸ್ತಕದಲ್ಲಿ ಅದು ಒಳಗಿನ ಪ್ರೊಸೆಸರ್ ಮಾತ್ರ. ಹಾಗಾಗಿ ಕೊನೆಯಲ್ಲಿ ಪದಗಳ ಪಟ್ಟಿ ಇಲ್ಲದ ಪುಸ್ತಕ ಬೇಡ ಅಂತ ತೀರ್ಮಾನಿಸಿದೆ. ಡಂಪ್, ಅಂದರೆ ಪರೀಕ್ಷೆಯಿಂದ ಕದ್ದ ಪ್ರಶ್ನೆಗಳನ್ನು, ಕಳಿಸುತ್ತೇನೆ ಅಂತ ವಾಟ್ಸ್ಆ್ಯಪ್‌ನಲ್ಲಿ ಒಬ್ಬ ಹಿಂದೆ ಬಿದ್ದಿದ್ದ. ಸಿಕ್ಕಿಬಿದ್ದರೆ ಸರ್ಟಿಫಿಕೇಟೇ ರದ್ದು. ಬ್ಲಾಕ್ ಮಾಡಿದೆ.

ನನಗೆ ನಿಜವಾಗಿ ಬೇಕಾಗಿದ್ದದ್ದು ಪ್ರಶ್ನೆಗಳ ಪುಸ್ತಕ. ಇದು ತಡವಾಗಿ ತಿಳಿಯಿತು. ಯಾಕೆಂದರೆ ಪರೀಕ್ಷೆಯಲ್ಲಿ ‘ಹೇಗೆ ಸರಿ ಮಾಡುತ್ತೀಯ’ ಅಂತ ಕೇಳುವುದು ಕಡಿಮೆ. ‘ಮೊದಲು ಏನು ಮಾಡಬೇಕು’, ‘ಮುಂದೆ ಏನು ಮಾಡಬೇಕು’ ಅಂತಲೇ ಜಾಸ್ತಿ. ನಾಲ್ಕು ಉತ್ತರವೂ ಸರಿಯಾಗೇ ಕಾಣುತ್ತವೆ. ನನ್ನ ಕೈ ಮಾತ್ರ ರ್ಯಾಮ್ ಕಡೆಗೇ ಹೋಗುತ್ತದೆ. ಉತ್ತರ ‘ಸಿ’ ಅಂತ ಹೇಳಿ ಸುಮ್ಮನಾಗುವ ಪುಸ್ತಕ ನನ್ನಂಥವನಿಗೆ ಕಸ. ಎ, ಬಿ, ಡಿ ಯಾಕೆ ಅಲ್ಲ ಅಂತ ಒಂದೊಂದಕ್ಕೂ ಜಗಳವಾಡುವ ಪುಸ್ತಕ ಬೇಕು. ಅಂಥದ್ದೊಂದು ಹೊಸದೇ ಕೊಂಡೆ, ಟಿಕ್ ಹಾಕದ್ದು.

ರಾತ್ರಿ ಊಟ ಆದಮೇಲೆ ಹೆಂಡತಿ ಪ್ರಶ್ನೆ ಓದುತ್ತಿದ್ದಳು. ಅವಳಿಗೆ ಕಂಪ್ಯೂಟರ್ ಗೊತ್ತಿಲ್ಲ, ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ. ಆದರೂ ಈ ‘ಮೊದಲು’ ಪ್ರಶ್ನೆಗಳಲ್ಲಿ ನನಗಿಂತ ಜಾಸ್ತಿ ಸರಿ ಹೇಳುತ್ತಿದ್ದಳು. ‘ನೀವು ಬಿಚ್ಚೋದು ಆಮೇಲೆ ಇರಲಿ ರೀ. ಕೆಡೋಕೆ ಮುಂಚೆ ಏನು ಮಾಡಿದ್ರು ಅಂತ ಅವರನ್ನ ಕೇಳಬೇಕಲ್ವಾ?’ ರಿಪೇರಿಗೆ ಪುಸ್ತಕ ಹೇಳುವ ಆರು ಹಂತಗಳಲ್ಲಿ ಮೊದಲನೆಯದು ಅದೇ: ತೊಂದರೆ ಏನೆಂದು ತಿಳಿ, ಬಳಸುವವರನ್ನು ಕೇಳು.

ಕೋರ್ 1 ಪಾಸಾಯಿತು, 718. ಕೋರ್ 2 ಮುಂದಿನ ತಿಂಗಳು. ಅದರಲ್ಲಿ 21 ಪರ್ಸೆಂಟ್ ಕೆಲಸದ ಪದ್ಧತಿಯ ಬಗ್ಗೆ. ಗಿರಾಕಿ ಮಾತಾಡುವಾಗ ಮಧ್ಯೆ ಬಾಯಿ ಹಾಕಬಾರದು, ಅವರಿಗೆ ಅರ್ಥವಾಗದ ಪದ ಬಳಸಬಾರದು, ವಾದ ಮಾಡಬಾರದು, ಇಂಥವು. ಇದೇನು ಓದೋದು ಅಂತ ಆ ಅಧ್ಯಾಯ ಹಾರಿಸಲು ಹೊರಟಿದ್ದೆ. ಹೆಂಡತಿ ಪುಸ್ತಕ ಕಿತ್ತುಕೊಂಡು ನೋಡಿ, ಅದೇ ಪುಟದಲ್ಲಿ ಬಸ್ ಟಿಕೆಟ್ ಇಟ್ಟು ವಾಪಸ್ ಕೊಟ್ಟಳು. ‘ಇದನ್ನ ಎರಡು ಸಲ ಓದಿ’ ಎಂದಳು.