ಬೆಣಚುಕಲ್ಲು ಆರುವುದನ್ನು ಪರದೆಗೆ ತರುವ ಕೆಲಸ: ಮೂರನೇ ತಿಂಗಳು
ಎರಡು ಗಂಟೆಯ ಪ್ರಯೋಗ ತರಗತಿ, ಮೊದಲ ವರ್ಷದ 24 ವಿದ್ಯಾರ್ಥಿಗಳು, ಶಿಲೆ ನೋಡುವ ಧ್ರುವೀಕರಣ ಸೂಕ್ಷ್ಮದರ್ಶಕ ಒಂದೇ. ಒಬ್ಬರ ಪಾಲಿಗೆ ಐದು ನಿಮಿಷ. ಕಣ್ಣು ಹೊಂದಿಸಿಕೊಳ್ಳುವಷ್ಟರಲ್ಲಿ ಸರದಿ ಮುಗಿದಿರುತ್ತದೆ. ಅದಕ್ಕಾಗಿಯೇ ಜೂನ್‌ನಲ್ಲಿ ಈ ಕೆಲಸಕ್ಕೆ ಕೈ ಹಾಕಿದೆ. ನಮ್ಮ ಕಂಪ್ಯೂಟರ್ ಕೊಠಡಿಯ ಪ್ರತಿ ಪರದೆಯಲ್ಲೂ ಕಲ್ಲು ತಿರುಗಬೇಕು, ಅದನ್ನು ತಿರುಗಿಸುವುದು ವಿದ್ಯಾರ್ಥಿಯ ಕೈಯೇ ಆಗಿರಬೇಕು. ವಿಡಿಯೋ ಬೇಡವೆಂದು ಮೊದಲೇ ನಿರ್ಧರಿಸಿದ್ದೆ.

ಕಲ್ಲಿನ ಚೂರನ್ನು ಗಾಜಿಗೆ ಅಂಟಿಸಿ 0.03 ಮಿಲಿಮೀಟರ್ ದಪ್ಪಕ್ಕೆ ಅರೆದರೆ ಬೆಳಕು ಅದರೊಳಗಿಂದ ಹಾಯುತ್ತದೆ. ಒಂದಕ್ಕೊಂದು ಅಡ್ಡವಾದ ಎರಡು ಧ್ರುವಕಗಳ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಶೋಧಕಗಳ) ನಡುವೆ ಅದನ್ನು ತಿರುಗಿಸಿದಾಗ ಬೆಣಚುಕಲ್ಲಿನ ಕಣ ಬೂದುಬಿಳಿಯಾಗಿ ಹೊಳೆಯುತ್ತದೆ, ಕಪ್ಪಾಗುತ್ತದೆ, ಮತ್ತೆ ಹೊಳೆಯುತ್ತದೆ. ಒಂದು ಸುತ್ತಿಗೆ ಸಾಮಾನ್ಯವಾಗಿ ನಾಲ್ಕು ಸಲ ಕಪ್ಪು. ಪೆರ್ಲ ಕಡೆಯ ವಿದ್ಯಾರ್ಥಿನಿಯೊಬ್ಬಳು ನೋಡಿ, "ದೀಪ ಆರಿದ ಹಾಗಲ್ಲವೇ ಸರ್?" ಎಂದಳು. ಅಂದಿನಿಂದ ನನ್ನ ಪರದೆಯ ಮೇಲೆ ಅದಕ್ಕೆ 'ಆರುವ ಕೋನ' ಎಂದೇ ಹೆಸರು.

ಮೊದಲ ಸಲ 10 ಡಿಗ್ರಿಗೊಂದರಂತೆ 36 ಚಿತ್ರ ತೆಗೆದೆ. ಜೋಡಿಸಿ ನೋಡಿದರೆ ಯಾವ ಕಣವೂ ಸರಿಯಾಗಿ ಆರುತ್ತಿರಲಿಲ್ಲ! ಕಲ್ಲಿನ ತಪ್ಪಲ್ಲ, ಕಣಗಳು ಕಪ್ಪಾದಾಗಲೆಲ್ಲ ಮೊಬೈಲ್ ಕ್ಯಾಮೆರಾ ತಾನಾಗಿ ಬೆಳಕು ಹೆಚ್ಚಿಸಿಕೊಂಡಿತ್ತು. ಕಲಿಸಬೇಕಾದ ಸಂಗತಿಯನ್ನೇ ಯಂತ್ರ ಅಳಿಸಿಹಾಕಿತ್ತು. ಎಕ್ಸ್‌ಪೋಶರ್ ಮತ್ತು ಬಣ್ಣದ ಸಮತೋಲ ಎರಡನ್ನೂ ಲಾಕ್ ಮಾಡಿ, ಕಲ್ಲಿನ ಚೂರನ್ನಿಡುವ ಸೂಕ್ಷ್ಮದರ್ಶಕದ ವೇದಿಕೆ ತಿರುಗುವಾಗ ಕಣ ಪಕ್ಕಕ್ಕೆ ಜಾರದಂತೆ ಮಸೂರದ ತಿರುಪುಗಳನ್ನು ಹೊಂದಿಸಿ ಮತ್ತೆ ಮೊದಲಿನಿಂದ ತೆಗೆದೆ.

ಆಗ ಇನ್ನೊಂದು ಕೊರತೆ ಕಾಣಿಸಿತು. ಪಟ್ಟೆಪಟ್ಟೆಯಾಗಿ ಕಾಣುವ ನೈಸ್ ಶಿಲೆಯ ಬೆಣಚುಕಲ್ಲು ಒಮ್ಮೆಲೇ ಆರುವುದಿಲ್ಲ. ಭೂಮಿಯೊಳಗಿನ ಒತ್ತಡಕ್ಕೆ ಸಿಕ್ಕಿ ಬಾಗಿದ ಹರಳಾದ್ದರಿಂದ ಕತ್ತಲೆ ಅದರ ಮೇಲೆ ಅಲೆಯಂತೆ ಸರಿಯುತ್ತದೆ. 10 ಡಿಗ್ರಿಯ ಜಿಗಿತದಲ್ಲಿ ಆ ಅಲೆ ತಪ್ಪಿಹೋಗುತ್ತಿತ್ತು. ಈಗ 5 ಡಿಗ್ರಿಗೊಂದು, ಒಟ್ಟು 72 ಚಿತ್ರ. ಬೆರಳಿನಿಂದ ಎಳೆದಾಗ ಆ ಕತ್ತಲೆ ಮೆಲ್ಲನೆ ಸರಿಯುವುದನ್ನು ನಾನೇ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಪುಟವು ಬ್ರೌಸರ್‌ನಲ್ಲೇ ತೆರೆಯುತ್ತದೆ, ಇಂಟರ್‌ನೆಟ್ ಬೇಡ.

ಮುರಕಲ್ಲಿಗೆ ಈ ವಿಧಾನ ಒಗ್ಗಲಿಲ್ಲ. ಕಬ್ಬಿಣದ ಆಕ್ಸೈಡ್ ತುಂಬಿದ ಆ ಕಲ್ಲು ಎಷ್ಟು ಅರೆದರೂ ಬಹುಪಾಲು ಕಪ್ಪಾಗಿಯೇ ಉಳಿಯುತ್ತದೆ. ಅದನ್ನು ಬಿಡಲು ಮನಸ್ಸಾಗಲಿಲ್ಲ. ಕಾಸರಗೋಡಿನ ಬೇಕಲ ಕೋಟೆ ನಿಂತಿರುವುದು ಅದರಲ್ಲಿ, ನಮ್ಮ ತೋಟಗಳಿಗೆ ನೀರು ಕೊಡುವ ಸುರಂಗಗಳನ್ನು ಕೊರೆದದ್ದು ಅದರಲ್ಲಿ. ಸ್ಕಾಟ್ಲೆಂಡ್‌ನ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ 'ಲ್ಯಾಟರೈಟ್' ಎಂಬ ಹೆಸರು ಕೊಟ್ಟದ್ದು ಕೇರಳದ್ದೇ ಅಂಗಾಡಿಪುರದ ಕಲ್ಲನ್ನು ಕಂಡು. ಮನೆ ಹಿಂದಿನ ಕೋರೆಯಿಂದ ತಂದ ತುಂಡನ್ನು ಮೋಡ ಕವಿದ ಬೆಳಿಗ್ಗೆ, ನೆರಳು ಬೀಳದ ಬೆಳಕಿನಲ್ಲಿ ಸುತ್ತಲೂ ಚಿತ್ರ ತೆಗೆದು, ಅವನ್ನು ಜೋಡಿಸುವ ಮೆಶ್‌ರೂಮ್ ತಂತ್ರಾಂಶದಿಂದ ಮೂರು ಆಯಾಮದ ಮಾದರಿ ಮಾಡಿದೆ. ಹೊರಮೈ ಚೆನ್ನಾಗಿ ಬಂತು. ಆಳದ ರಂಧ್ರಗಳು ಮುಚ್ಚಿಕೊಂಡಂತೆ ಬಂದಿವೆ. ಆದ್ದರಿಂದ ಮಾದರಿಯ ಪಕ್ಕದಲ್ಲಿ ನಿಜವಾದ ಕಲ್ಲು ಮೇಜಿನ ಮೇಲೆ ಇರಲೇಬೇಕು. ಗಡಸುತನ, ತೂಕ, ಗೀರಿದಾಗ ಹೆಮಟೈಟ್ ಎಂಬ ಕಬ್ಬಿಣದ ಖನಿಜ ಬಿಡುವ ಕೆಂಪು ಗೆರೆ ಇವನ್ನು ಪರದೆಗೆ ವಹಿಸುವ ಯೋಚನೆ ನನಗಿಲ್ಲ.

ಕಳೆದ ವಾರ ಎಂಟು ಮಂದಿ ಪರದೆಯಲ್ಲಿ ಅಭ್ಯಾಸ ಮಾಡಿ ಸೂಕ್ಷ್ಮದರ್ಶಕದ ಮುಂದೆ ಕುಳಿತರು. ಏನು ಹುಡುಕಬೇಕೆಂದು ಯಾರೂ ಕೇಳಲಿಲ್ಲ. ನೇರವಾಗಿ ವೇದಿಕೆ ತಿರುಗಿಸಿದರು.

ಮುಂದಿನದು ಚಾರ್ನೊಕೈಟ್ ಎಂಬ ಶಿಲೆ. ಅದರಲ್ಲಿರುವ ಹೈಪರ್‌ಸ್ಥೀನ್ ಖನಿಜ ಒಂದೇ ಧ್ರುವಕದ ಬೆಳಕಿನಲ್ಲಿ ತಿರುಗುತ್ತ ನಸುಗುಲಾಬಿಯಿಂದ ನಸುಹಸಿರಿಗೆ ಬದಲಾಗುತ್ತದೆ. ಆ ತೆಳುಬಣ್ಣ ಕೊಠಡಿಯ ಹಳೆಯ ಪರದೆಗಳಲ್ಲಿ ಉಳಿಯುತ್ತದೆಯೇ ಎಂದು ಶನಿವಾರ ಪರೀಕ್ಷಿಸುತ್ತೇನೆ.